ಹೇಳಿದವರು ಯಾರು? ಅವರಿಗೆ ತಿಳಿದದ್ದು ಹೇಗೆ?

ಮಕ್ಕಳೇ, ಈ ಬಾರಿ ಒಂದು ಆಟದಿಂದ ಆರಂಭಿಸೋಣ. ಇದಕ್ಕೆ ಕಂಪ್ಯೂಟರ್ ಬೇಡ, ವಿದ್ಯುತ್ತೂ ಬೇಡ. ಹಳೆಯ ನೋಟ್‌ಪುಸ್ತಕದ ಒಂದು ಹಾಳೆ, ಒಂದು ಪೆನ್ಸಿಲ್ ಮತ್ತು ಒಂದು ಖಾಲಿ ಬೆಂಕಿಪೊಟ್ಟಣ ಇದ್ದರೆ ಸಾಕು.

ಮೊದಲು ಈ ನಾಲ್ಕು ವಾಕ್ಯಗಳನ್ನು ಓದಿ.

1. ಕಾವೇರಿ ನದಿ ತಲಕಾವೇರಿಯಲ್ಲಿ ಹುಟ್ಟುತ್ತದೆ.
2. ತುಂಗಾ ನದಿ ಗಂಗಾಮೂಲದಲ್ಲಿ ಹುಟ್ಟುತ್ತದೆ.
3. ಭದ್ರಾ ನದಿ ಗಂಗಾಮೂಲದಲ್ಲಿ ಹುಟ್ಟುತ್ತದೆ.
4. ಶರಾವತಿ ನದಿ ಅಂಬುತೀರ್ಥದಲ್ಲಿ ಹುಟ್ಟುತ್ತದೆ.

ನಾಲ್ಕೂ ಸರಿಯಾದ ವಾಕ್ಯಗಳೇ. ಈಗ ಪ್ರತಿ ವಾಕ್ಯದಲ್ಲೂ ‘ನದಿ’ ಎಂಬ ಪದದ ನಂತರ ಯಾವ ಪದ ಬಂದಿದೆ ನೋಡಿ. ಆ ಪದವನ್ನು ಒಂದೊಂದು ಚೀಟಿಯಲ್ಲಿ ಬರೆಯಿರಿ. ‘ತಲಕಾವೇರಿಯಲ್ಲಿ’ ಒಂದು ಚೀಟಿ, ‘ಗಂಗಾಮೂಲದಲ್ಲಿ’ ಎರಡು ಚೀಟಿ, ‘ಅಂಬುತೀರ್ಥದಲ್ಲಿ’ ಒಂದು ಚೀಟಿ. ನಾಲ್ಕನ್ನೂ ಮಡಿಸಿ ಬೆಂಕಿಪೊಟ್ಟಣಕ್ಕೆ ಹಾಕಿ. ಪೊಟ್ಟಣದ ಮೇಲೆ ‘ನದಿ’ ಎಂದು ಬರೆಯಿರಿ.

ಈಗ ಗೆಳೆಯರೊಬ್ಬರು ನಿಮ್ಮನ್ನು ಕೇಳಲಿ: “ಶರಾವತಿ ನದಿ ಎಲ್ಲಿ ಹುಟ್ಟುತ್ತದೆ?” ನೀವು “ಶರಾವತಿ ನದಿ...” ಎಂದು ಆರಂಭಿಸಿ, ಪೊಟ್ಟಣ ಅಲುಗಾಡಿಸಿ, ನೋಡದೆ ಒಂದು ಚೀಟಿ ಎತ್ತಿ. ಅದರಲ್ಲಿರುವ ಪದವನ್ನು ಸೇರಿಸಿ, ಕೊನೆಗೆ ‘ಹುಟ್ಟುತ್ತದೆ’ ಎಂದು ಹೇಳಿ ಮುಗಿಸಿ. ಚೀಟಿಯನ್ನು ಮತ್ತೆ ಒಳಗೆ ಹಾಕಿ. ಹೀಗೆ 20 ಬಾರಿ ಮಾಡಿ, ಪ್ರತಿ ಉತ್ತರವನ್ನೂ ಬರೆದಿಡಿ.

ನಾಲ್ಕು ಚೀಟಿಗಳಲ್ಲಿ ಸರಿಯಾದದ್ದು ಒಂದೇ. ಆದ್ದರಿಂದ 20 ಬಾರಿಯಲ್ಲಿ ಹೆಚ್ಚು ಕಡಿಮೆ 5 ಬಾರಿ ಉತ್ತರ ಸರಿಯಾಗುತ್ತದೆ, 15 ಬಾರಿ ತಪ್ಪಾಗುತ್ತದೆ. ಅತಿ ಹೆಚ್ಚು ಬಾರಿ ಬರುವ ಉತ್ತರ “ಶರಾವತಿ ನದಿ ಗಂಗಾಮೂಲದಲ್ಲಿ ಹುಟ್ಟುತ್ತದೆ” ಎಂಬ ತಪ್ಪು ಉತ್ತರ!

ನಿಮ್ಮ ಪಟ್ಟಿಯನ್ನು ನೋಡುತ್ತಾ ಮೂರು ಸಂಗತಿಗಳನ್ನು ಗಮನಿಸಿ.

ಒಂದು, ವ್ಯಾಕರಣ ಎಲ್ಲೂ ತಪ್ಪಿಲ್ಲ. ತಪ್ಪು ಉತ್ತರವೂ ಸರಿ ಉತ್ತರದಷ್ಟೇ ಚೆನ್ನಾಗಿದೆ.

ಎರಡು, ಪೊಟ್ಟಣಕ್ಕೆ ನಾವು ಯಾವ ಸುಳ್ಳನ್ನೂ ಹಾಕಿರಲಿಲ್ಲ. ಎಲ್ಲ ಚೀಟಿಗಳೂ ನಿಜವಾದ ವಾಕ್ಯಗಳಿಂದಲೇ ಬಂದವು. ಆದರೂ ಹೊರಗೆ ಬಂದದ್ದು ಸುಳ್ಳು.

ಮೂರು, ಚೀಟಿಯ ಮೇಲೆ ಅದು ಎಷ್ಟನೆಯ ವಾಕ್ಯದಿಂದ ಬಂತು ಎಂದು ಬರೆದಿಲ್ಲ. “ಈ ಮಾತು ನಿನಗೆ ಎಲ್ಲಿ ಸಿಕ್ಕಿತು?” ಎಂದು ಕೇಳಿದರೆ ಪೊಟ್ಟಣಕ್ಕೆ ಉತ್ತರ ಗೊತ್ತಿಲ್ಲ.

ಈ ಮೂರನೆಯ ಸಂಗತಿಯೇ ನಮ್ಮ ಇಂದಿನ ಪಾಠ.

ದೊಡ್ಡ ಬೆಂಕಿಪೊಟ್ಟಣ

‘ಕೃತಕ ಬುದ್ಧಿಮತ್ತೆ’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಮನೆಯವರ ಮೊಬೈಲಿನಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆದವರೂ ನಿಮ್ಮಲ್ಲಿ ಇರಬಹುದು. ಅಮೆರಿಕದ ಓಪನ್‌ಎಐ ಸಂಸ್ಥೆ 2022ರ ನವೆಂಬರ್ 30ರಂದು ‘ಚಾಟ್‌ಜಿಪಿಟಿ’ ಎಂಬ ಸೌಲಭ್ಯವನ್ನು ಜನರ ಬಳಕೆಗೆ ಬಿಟ್ಟಿತು. ಆ ಬಳಿಕ ಬೇರೆ ಸಂಸ್ಥೆಗಳೂ ಇಂಥವನ್ನು ತಂದವು. ಪ್ರಶ್ನೆ ಬರೆದರೆ ಇವು ಕಥೆ, ಪ್ರಬಂಧ, ಲೆಕ್ಕ, ಅನುವಾದ ಎಲ್ಲವನ್ನೂ ಕ್ಷಣದಲ್ಲಿ ಬರೆದುಕೊಡುತ್ತವೆ. ಕನ್ನಡದಲ್ಲಿಯೂ ಬರೆಯುತ್ತವೆ.

ಇವುಗಳ ಒಳಗಿರುವುದನ್ನು ‘ಭಾಷಾ ಮಾದರಿ’ ಎನ್ನುತ್ತಾರೆ. ಇದು ಮಾಡುವ ಮುಖ್ಯ ಕೆಲಸ ನಿಮ್ಮ ಬೆಂಕಿಪೊಟ್ಟಣ ಮಾಡಿದ ಕೆಲಸವೇ: ಇದುವರೆಗಿನ ಪದಗಳನ್ನು ನೋಡಿ, ಮುಂದೆ ಬರಬಹುದಾದ ಪದದ ತುಣುಕನ್ನು ಊಹಿಸುವುದು. ಹಾಗಾದರೆ ಅದು ನಮ್ಮ ಪೊಟ್ಟಣದಷ್ಟು ತಪ್ಪು ಮಾಡುವುದಿಲ್ಲವೇಕೆ? ಎರಡು ಕಾರಣಗಳಿವೆ.

ಮೊದಲನೆಯದು, ನಮ್ಮ ಪೊಟ್ಟಣ ನಾಲ್ಕೇ ವಾಕ್ಯಗಳನ್ನು ಕಂಡಿದೆ. ಯಂತ್ರವು ಪುಸ್ತಕಗಳು, ಪತ್ರಿಕೆಗಳು, ಅಂತರಜಾಲದ ಪುಟಗಳು ಹೀಗೆ ಒಬ್ಬ ಮನುಷ್ಯ ಹಲವು ಜನ್ಮ ಎತ್ತಿದರೂ ಓದಿ ಮುಗಿಸಲಾರದಷ್ಟು ಬರಹವನ್ನು ಕಂಡಿರುತ್ತದೆ. ಎರಡನೆಯದು, ನಮ್ಮ ಪೊಟ್ಟಣ ‘ನದಿ’ ಎಂಬ ಒಂದೇ ಪದವನ್ನು ನೋಡುತ್ತದೆ. ಅದಕ್ಕೂ ಹಿಂದೆ ‘ಶರಾವತಿ’ ಇತ್ತೆಂಬುದು ಅದಕ್ಕೆ ನೆನಪಿಲ್ಲ. ಯಂತ್ರವು ಹಿಂದಿನ ಪದಗಳನ್ನೆಲ್ಲ ಒಟ್ಟಿಗೆ ಗಮನಿಸುತ್ತದೆ. ಇದಕ್ಕಾಗಿ ಅದರೊಳಗೆ ಅಪಾರ ಸಂಖ್ಯೆಗಳಿವೆ. 2020ರಲ್ಲಿ ಬಂದ ಜಿಪಿಟಿ-3 ಎಂಬ ಮಾದರಿಯಲ್ಲಿ ಇಂಥ 17,500 ಕೋಟಿ ಸಂಖ್ಯೆಗಳಿದ್ದವು. ಬರಹವನ್ನು ಓದಿಸುತ್ತಾ ಹೋದಂತೆ, ಊಹೆ ಸರಿಯಾಗುವ ಹಾಗೆ ಈ ಸಂಖ್ಯೆಗಳನ್ನು ಸ್ವಲ್ಪಸ್ವಲ್ಪವೇ ಬದಲಾಯಿಸುತ್ತಾರೆ. ಇದಕ್ಕೆ ‘ತರಬೇತಿ’ ಎಂದು ಹೆಸರು.

ಆದ್ದರಿಂದ ಬಹಳ ಜನ ಬಹಳ ಸಲ ಬರೆದಿರುವ ವಿಷಯವನ್ನು ಕೇಳಿದರೆ ಯಂತ್ರ ಸಾಮಾನ್ಯವಾಗಿ ಸರಿಯಾದ ಉತ್ತರ ಕೊಡುತ್ತದೆ. ನೀರು ಯಾವ ಉಷ್ಣತೆಯಲ್ಲಿ ಕುದಿಯುತ್ತದೆ? ಸೂರ್ಯನಿಗೆ ಅತಿ ಹತ್ತಿರದ ಗ್ರಹ ಯಾವುದು? ಇಂಥವಕ್ಕೆ ತೊಂದರೆಯಿಲ್ಲ. ಆದರೆ ಕಡಿಮೆ ಜನ ಬರೆದಿರುವ ವಿಷಯಕ್ಕೆ ಬಂದಾಗ ಅದು ನಮ್ಮ ಬೆಂಕಿಪೊಟ್ಟಣದ ಹತ್ತಿರ ಬರುತ್ತದೆ. ನಿಮ್ಮ ಊರಿನ ಕೆರೆಯನ್ನು ಕಟ್ಟಿಸಿದವರು ಯಾರು ಎಂದು ಕೇಳಿ ನೋಡಿ. “ನನಗೆ ತಿಳಿಯದು” ಎಂದು ಹೇಳಿದರೆ ಒಳ್ಳೆಯದೇ. ಕೆಲವು ಸಲ ಹಾಗೆ ಹೇಳದೆ, ಬೇರೆ ಯಾವುದೋ ಊರಿನ ಕೆರೆಯ ಮಾತನ್ನು ನಿಮ್ಮ ಕೆರೆಗೆ ಜೋಡಿಸಿಬಿಡಬಹುದು. ಕೇಳುವವರಿಗೆ ಎರಡೂ ಉತ್ತರಗಳ ಧ್ವನಿ ಒಂದೇ.

ಇಲ್ಲದ ತೀರ್ಪುಗಳ ಕಥೆ

ಇದು ಊಹೆಯ ಮಾತಲ್ಲ. ಅಮೆರಿಕದ ನ್ಯೂಯಾರ್ಕ್ ನಗರದ ನ್ಯಾಯಾಲಯದಲ್ಲಿ 2023ರಲ್ಲಿ ನಡೆದ ಸಂಗತಿಯನ್ನು ಕೇಳಿ.

ವಿಮಾನದಲ್ಲಿ ಊಟ ತಿಂಡಿ ತರುವ ಲೋಹದ ಗಾಡಿ ತಗುಲಿ ಮೊಣಕಾಲಿಗೆ ಪೆಟ್ಟಾಯಿತೆಂದು ಒಬ್ಬ ಪ್ರಯಾಣಿಕರು ವಿಮಾನ ಸಂಸ್ಥೆಯ ಮೇಲೆ ದಾವೆ ಹೂಡಿದ್ದರು. ಅವರ ಪರ ವಕೀಲರು ತಮ್ಮ ವಾದಕ್ಕೆ ಬೆಂಬಲವಾಗಿ ಹಿಂದಿನ ಕೆಲವು ತೀರ್ಪುಗಳನ್ನು ಉಲ್ಲೇಖಿಸಿದರು. ವಿಮಾನ ಸಂಸ್ಥೆಯ ವಕೀಲರು ಆ ತೀರ್ಪುಗಳನ್ನು ಹುಡುಕಿದರು. ಸಿಗಲಿಲ್ಲ. ನ್ಯಾಯಾಧೀಶರೂ ಹುಡುಕಿಸಿದರು. ಸಿಗಲಿಲ್ಲ. ಕೊನೆಗೆ ಆರು ತೀರ್ಪುಗಳು ಇರಲೇ ಇಲ್ಲವೆಂದು ಗೊತ್ತಾಯಿತು. ಅವನ್ನು ಚಾಟ್‌ಜಿಪಿಟಿ ‘ಬರೆದಿತ್ತು’. ಹೆಸರು, ವರ್ಷ, ಸಂಖ್ಯೆ ಎಲ್ಲವೂ ನಿಜವಾದ ತೀರ್ಪಿನ ಹಾಗೆಯೇ ಇದ್ದವು. ವಕೀಲರು ಯಂತ್ರವನ್ನೇ “ಇವು ನಿಜವಾದ ಪ್ರಕರಣಗಳೇ?” ಎಂದು ಕೇಳಿದ್ದರು. ಯಂತ್ರ ‘ಹೌದು’ ಎಂದಿತ್ತು! 2023ರ ಜೂನ್‌ನಲ್ಲಿ ನ್ಯಾಯಾಲಯ 5,000 ಡಾಲರ್ ದಂಡ ವಿಧಿಸಿತು.

ಇಲ್ಲಿ ತಪ್ಪು ಎಲ್ಲಿದೆ ಯೋಚಿಸಿ. ಯಂತ್ರದ ಸಹಾಯ ಪಡೆದದ್ದೇ ತಪ್ಪೆಂದು ನ್ಯಾಯಾಧೀಶರು ಹೇಳಲಿಲ್ಲ. ತೀರ್ಪಿನ ಪುಸ್ತಕವನ್ನು ತೆರೆದು ನೋಡದೆ ಅದರ ಹೆಸರು ಹೇಳಿದ್ದು ತಪ್ಪು. ಜೊತೆಗೆ, ಯಂತ್ರದ ಮಾತನ್ನು ಪರೀಕ್ಷಿಸಲು ಅದೇ ಯಂತ್ರವನ್ನು ಕೇಳಿದ್ದು ಪ್ರಯೋಜನಕ್ಕೆ ಬರಲಿಲ್ಲ. ತಕ್ಕಡಿ ಸರಿಯಾಗಿದೆಯೇ ಎಂದು ತಿಳಿಯಲು ಅದೇ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಿದರೆ ಏನು ಪ್ರಯೋಜನ? ತೂಕ ಗೊತ್ತಿರುವ ಬೇರೆ ಬಟ್ಟು ಬೇಕು.

ಅದೇ 2023ರಲ್ಲಿ ಇನ್ನೊಂದು ಸುದ್ದಿ ಬಂತು. ಕಾಡಿನಲ್ಲಿ ತಿನ್ನಬಹುದಾದ ಅಣಬೆಗಳನ್ನು ಗುರುತಿಸುವುದು ಹೇಗೆ ಎಂದು ತಿಳಿಸುವ ಕೆಲವು ಪುಸ್ತಕಗಳು ಅಂತರಜಾಲದ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು. ಅವನ್ನು ಯಂತ್ರದಿಂದ ಬರೆಸಿರಬಹುದೆಂಬ ಸಂಶಯ ಬಂತು. ನ್ಯೂಯಾರ್ಕಿನ ಅಣಬೆ ಅಧ್ಯಯನ ಸಂಘದವರು ಇಂಥ ಪುಸ್ತಕ ನಂಬಬೇಡಿ, ಗೊತ್ತಿರುವ ಲೇಖಕರ ಪುಸ್ತಕವನ್ನೇ ಕೊಳ್ಳಿ ಎಂದು ಜನರನ್ನು ಎಚ್ಚರಿಸಿದರು. ಮಲೆನಾಡಿನ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಮಳೆ ಬಿದ್ದ ಮೇಲೆ ಏಳುವ ಅಣಬೆಗಳಲ್ಲಿ ಯಾವುದು ಪಲ್ಯಕ್ಕೆ, ಯಾವುದು ವಿಷ ಎಂದು ನಿಮ್ಮ ಅಜ್ಜಿ ಹೇಳುತ್ತಾರೆ. ಅಜ್ಜಿ ಪುಸ್ತಕ ಓದಿರದಿದ್ದರೂ ಎಷ್ಟೋ ಮಳೆಗಾಲ ಅದೇ ಜಾಗದಲ್ಲಿ ಅದೇ ಅಣಬೆಯನ್ನು ಕಿತ್ತು, ಬೇಯಿಸಿ, ಉಂಡವರು. ಅವರಿಗೆ ಅದು ಹೇಗೆ ತಿಳಿಯಿತು ಎಂಬುದಕ್ಕೆ ಉತ್ತರವಿದೆ. ಯಾರು ಬರೆದರೆಂದೇ ಗೊತ್ತಿಲ್ಲದ ಪುಸ್ತಕಕ್ಕೆ ಆ ಉತ್ತರವಿಲ್ಲ. ಪದದ ಬದಲು ಪದ ಬಂದರೆ ಪರೀಕ್ಷೆಯಲ್ಲಿ ಒಂದು ಅಂಕ ಹೋಗಬಹುದು. ಅಣಬೆಯ ಬದಲು ಅಣಬೆ ಬಂದರೆ ಪ್ರಾಣವೇ ಹೋಗಬಹುದು.

ಆಕರ ಎಂದರೇನು?

ಒಂದು ತಿಳಿವಳಿಕೆ ಎಲ್ಲಿಂದ ಬಂತೋ ಅದನ್ನು ‘ಆಕರ’ ಎನ್ನುತ್ತೇವೆ. ಆಕರ ಎಂದರೆ ಗಣಿ ಎಂಬ ಅರ್ಥವೂ ಇದೆ. ಅದಿರು ಗಣಿಯಿಂದ ಬರುವಂತೆ ತಿಳಿವು ಆಕರದಿಂದ ಬರುತ್ತದೆ. ಒಳ್ಳೆಯ ಆಕರದ ಲಕ್ಷಣವೇನು? ಬೇಕಾದವರು ಹಿಂದಕ್ಕೆ ನಡೆದುಹೋಗಿ ನೋಡಬಹುದು ಎಂಬುದೇ.

ನಮ್ಮ ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿ. “ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450” ಎಂದು ನೀವು ಓದಿದ್ದೀರಿ. ಇದು ಹೇಗೆ ತಿಳಿಯಿತು? ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಗ್ರಾಮದಲ್ಲಿದ್ದ ಕಲ್ಲನ್ನು ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಅದರ ಮೇಲೆ 16 ಸಾಲುಗಳಿವೆ. ಆದರೆ ಆ ಸಾಲುಗಳಲ್ಲಿ ಎಲ್ಲಿಯೂ ವರ್ಷ ಬರೆದಿಲ್ಲ! ಅಕ್ಷರಗಳ ಆಕಾರ, ಭಾಷೆಯ ರೂಪ, ಅದರಲ್ಲಿ ಬರುವ ಕದಂಬ ದೊರೆ ಕಾಕುಸ್ಥನ ಹೆಸರು ಇವುಗಳಿಂದ ವಿದ್ವಾಂಸರು ಕಾಲವನ್ನು ಅಂದಾಜು ಮಾಡಿದರು. ಅದಕ್ಕೇ ‘ಸುಮಾರು’ ಎಂಬ ಪದ ಅಲ್ಲಿದೆ. ಆ ಪದ ಅಲಂಕಾರಕ್ಕಲ್ಲ. “ಇದು ಅಂದಾಜು, ಇದಕ್ಕೆ ಆಧಾರ ಇಷ್ಟು” ಎಂದು ಪ್ರಾಮಾಣಿಕವಾಗಿ ಹೇಳುವ ಪದ ಅದು. ಅನುಮಾನ ಬಂದವರು ಕಲ್ಲಿನ ಅಕ್ಷರಗಳನ್ನು ಮತ್ತೆ ಓದಬಹುದು. ಕೆಲವು ವಿದ್ವಾಂಸರು ಬೇರೆ ಕಾಲವನ್ನೂ ಸೂಚಿಸಿದ್ದಾರೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಸಿಕ್ಕ ಇನ್ನೊಂದು ಶಾಸನ ಇದಕ್ಕಿಂತ ಹಳೆಯದೆಂಬ ವಾದವೂ 2010ರ ದಶಕದಲ್ಲಿ ಬಂತು. ಆಕರ ಇರುವುದರಿಂದಲೇ ಇಂಥ ಚರ್ಚೆ ಸಾಧ್ಯವಾಯಿತು. ಬೆಂಕಿಪೊಟ್ಟಣದ ಚೀಟಿಯ ಜೊತೆ ಚರ್ಚೆ ಮಾಡಲು ಆಗುತ್ತದೆಯೇ?

ಇನ್ನೊಂದು ಉದಾಹರಣೆ. ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರು ಕನ್ನಡ–ಇಂಗ್ಲಿಷ್ ನಿಘಂಟನ್ನು ರಚಿಸಿದರು. ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳಿರುವ ಆ ನಿಘಂಟಿನಲ್ಲಿ ಪದಗಳ ಪಕ್ಕದಲ್ಲಿ ಚಿಕ್ಕ ಚಿಕ್ಕ ಸಂಕೇತಗಳಿವೆ. ಈ ಪದ ಶಬ್ದಮಣಿದರ್ಪಣದಲ್ಲಿದೆ, ಈ ಪದ ಮೈಸೂರು ಸೀಮೆಯಲ್ಲಿ ಬಳಕೆಯಲ್ಲಿದೆ ಎಂದು ತಿಳಿಸುವ ಗುರುತುಗಳು ಅವು. ನೂರು ವರ್ಷಗಳಿಗೂ ಮೀರಿ ಜನ ಆ ನಿಘಂಟನ್ನು ನಂಬಿ ಬಳಸುತ್ತಿರುವುದಕ್ಕೆ ಈ ಗುರುತುಗಳೂ ಒಂದು ಕಾರಣ.

ಪುಸ್ತಕವೂ ಹಳತಾಗುತ್ತದೆ

“ಹಾಗಾದರೆ ಪುಸ್ತಕದಲ್ಲಿ ಇದ್ದದ್ದೆಲ್ಲ ಸರಿ, ಯಂತ್ರ ಹೇಳಿದ್ದೆಲ್ಲ ತಪ್ಪು” ಎಂದುಕೊಳ್ಳಬೇಡಿ. 2006ಕ್ಕಿಂತ ಮುಂಚಿನ ಪುಸ್ತಕ ತೆರೆದರೆ ‘ಒಂಬತ್ತು ಗ್ರಹಗಳು’ ಎಂದಿರುತ್ತದೆ. ಆ ವರ್ಷ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಪ್ಲೂಟೊವನ್ನು ಕುಬ್ಜ ಗ್ರಹಗಳ ಗುಂಪಿಗೆ ಸೇರಿಸಿತು. ಶನಿ ಗ್ರಹಕ್ಕೆ 146 ಉಪಗ್ರಹಗಳೆಂದು 2024ರಲ್ಲಿ ಬರೆದಿದ್ದರೆ ಅದು ಆಗ ಸರಿ. 2025ರ ಮಾರ್ಚ್‌ನಲ್ಲಿ ಇನ್ನೂ 128 ಉಪಗ್ರಹಗಳಿಗೆ ಮನ್ನಣೆ ಸಿಕ್ಕಿ ಒಟ್ಟು ಸಂಖ್ಯೆ 274ಕ್ಕೆ ಏರಿತು.

ಪುಸ್ತಕದ ಮೊದಲ ಪುಟಗಳಲ್ಲಿ ಮುದ್ರಣದ ವರ್ಷ ಇರುತ್ತದೆ. ಅದನ್ನು ನೋಡಿದರೆ ಮಾಹಿತಿ ಎಷ್ಟು ಹಳೆಯದೆಂದು ಗೊತ್ತಾಗುತ್ತದೆ. ಯಂತ್ರದ ತರಬೇತಿಯೂ ಒಂದು ದಿನಾಂಕಕ್ಕೆ ನಿಂತಿರುತ್ತದೆ, ಆದರೆ ಉತ್ತರದ ವಾಕ್ಯದ ಮೇಲೆ ಆ ದಿನಾಂಕ ಕಾಣುವುದಿಲ್ಲ. ಈಗ ಹಲವು ಯಂತ್ರಗಳು ಅಂತರಜಾಲದಲ್ಲಿ ಹುಡುಕಿ, ಉತ್ತರದ ಕೆಳಗೆ ಆಕರದ ವಿಳಾಸವನ್ನೂ ಕೊಡುತ್ತವೆ. ಇದು ಒಳ್ಳೆಯ ಬದಲಾವಣೆ. ಆದರೆ ವಿಳಾಸ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆ ಪುಟ ನಿಜವಾಗಿ ಇದೆಯೇ? ಇದ್ದರೆ ಅಲ್ಲಿ ಯಂತ್ರ ಹೇಳಿದ ಮಾತೇ ಇದೆಯೇ? ತೆರೆದು ಓದುವ ಕೆಲಸ ನಮ್ಮದೇ.

ಮಾಹಿತಿ ಎಲ್ಲರದು, ಬರಹ ಬರೆದವರದು

ಈಗ ಇನ್ನೊಂದು ಪ್ರಶ್ನೆ. ಯಂತ್ರ ಓದಿದ ಆ ಪುಸ್ತಕಗಳನ್ನೆಲ್ಲ ಬರೆದವರು ಯಾರು? ಮನುಷ್ಯರು. ಅವರಿಗೆ ತಮ್ಮ ಬರಹದ ಮೇಲೆ ಹಕ್ಕಿಲ್ಲವೇ?

ಇದೆ. ಅದಕ್ಕೆ ‘ಕೃತಿಸ್ವಾಮ್ಯ’ ಅಥವಾ ‘ಹಕ್ಕುಸ್ವಾಮ್ಯ’ ಎಂದು ಹೆಸರು. ನಮ್ಮ ದೇಶದಲ್ಲಿ ಇದಕ್ಕಾಗಿ 1957ರ ಕಾಯ್ದೆ ಇದೆ. ಕಥೆ, ಕವಿತೆ, ಲೇಖನ, ಚಿತ್ರ, ಹಾಡು, ಚಲನಚಿತ್ರ ಇವನ್ನು ರಚಿಸಿದವರ ಅನುಮತಿಯಿಲ್ಲದೆ ಅಚ್ಚು ಹಾಕಿ ಮಾರುವಂತಿಲ್ಲ.

ಆದರೆ ಒಂದು ಮುಖ್ಯ ಮಾತು. ಕೃತಿಸ್ವಾಮ್ಯ ಇರುವುದು ಬರಹಕ್ಕೆ, ಮಾಹಿತಿಗಲ್ಲ. “ಶರಾವತಿ ಅಂಬುತೀರ್ಥದಲ್ಲಿ ಹುಟ್ಟುತ್ತದೆ” ಎಂಬ ಸಂಗತಿಗೆ ಯಾರೂ ಒಡೆಯರಲ್ಲ. ನೀವೂ ಹೇಳಬಹುದು, ನಾನೂ ಹೇಳಬಹುದು. ಆದರೆ ಒಬ್ಬ ಲೇಖಕರು ಅಂಬುತೀರ್ಥಕ್ಕೆ ಹೋಗಿ, ನೋಡಿ, ತಮ್ಮ ಮಾತಿನಲ್ಲಿ ಹತ್ತು ಪುಟ ಬರೆದರೆ ಆ ಹತ್ತು ಪುಟಗಳ ವಾಕ್ಯಗಳು ಅವರವು. ಹಸು ಎಲ್ಲರ ಊರಿನಲ್ಲೂ ಇದೆ. ನೀವು ಬಿಡಿಸಿದ ಹಸುವಿನ ಚಿತ್ರ ನಿಮ್ಮದು. ಹಾಗೆಯೇ ಇದೂ.

ಈ ಹಕ್ಕು ಎಷ್ಟು ಕಾಲ ಇರುತ್ತದೆ? ನಮ್ಮ ದೇಶದಲ್ಲಿ ಲೇಖಕರ ಜೀವಿತಕಾಲ ಮತ್ತು ಅವರು ತೀರಿಕೊಂಡ ನಂತರ 60 ವರ್ಷ. ಡಾ. ಶಿವರಾಮ ಕಾರಂತರ ಹೆಸರು ನಿಮಗೆ ಗೊತ್ತು. ದೂರದರ್ಶನವೂ ಇಲ್ಲದ 1930ರ ದಶಕದಲ್ಲಿ ಅವರು ನಿಮ್ಮಂಥ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಎಂಬ ವಿಶ್ವಕೋಶವನ್ನು ಬರೆದರು. ಕಾರಂತರು ತೀರಿಕೊಂಡದ್ದು 1997ರಲ್ಲಿ. ಮರುವರ್ಷದ ಆರಂಭದಿಂದ 60 ವರ್ಷ ಎಣಿಸಬೇಕು. ಹಾಗಾದರೆ ಅವರ ಕೃತಿಗಳ ಹಕ್ಕು ಯಾವ ವರ್ಷದ ಕೊನೆಯವರೆಗೆ ಇರುತ್ತದೆ? ಲೆಕ್ಕ ಮಾಡಿ. (ಉತ್ತರ: 2057.) ಆ ನಂತರ ಯಾರು ಬೇಕಾದರೂ ಅಚ್ಚು ಹಾಕಬಹುದು.

ಶಾಲೆಯ ಮಕ್ಕಳು ಹೆದರಬೇಕಾಗಿಲ್ಲ. ಸ್ವಂತ ಓದಿಗಾಗಿ, ಪಾಠ ಕಲಿಸುವ ಮತ್ತು ಕಲಿಯುವ ಸಲುವಾಗಿ ಬರಹವನ್ನು ಬಳಸಲು ಕಾಯ್ದೆಯಲ್ಲೇ ಅವಕಾಶವಿದೆ. ಇನ್ನೊಂದು ಸ್ವಾರಸ್ಯ ನೋಡಿ: ಲೇಖಕರು ತಮ್ಮ ಕೃತಿಯ ಹಕ್ಕನ್ನು ಮಾರಿದ ಮೇಲೂ “ಇದನ್ನು ಬರೆದವರು ನಾವು” ಎಂದು ಹೇಳಿಕೊಳ್ಳುವ ಹಕ್ಕು ಅವರಲ್ಲೇ ಉಳಿಯುತ್ತದೆ.

ನಿಮಗೆ ಗೊತ್ತೇ?
ನಮ್ಮ ದೇಶದಲ್ಲಿ ಮೊದಲು ಈ ಅವಧಿ 50 ವರ್ಷ ಇತ್ತು. ರವೀಂದ್ರನಾಥ ಠಾಕೂರರು ತೀರಿಕೊಂಡದ್ದು 1941ರಲ್ಲಿ. ಅವರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯಬೇಕಿತ್ತು. ಆ ಸಂದರ್ಭದಲ್ಲಿ ಅವಧಿಯನ್ನು 60 ವರ್ಷಕ್ಕೆ ಹೆಚ್ಚಿಸಲಾಯಿತು. ಹೀಗಾಗಿ ಠಾಕೂರರ ಕೃತಿಗಳ ಹಕ್ಕು 2001ರ ಕೊನೆಯವರೆಗೆ ಉಳಿಯಿತು.

ಯಂತ್ರ ಓದಿದ್ದು ಓದೋ, ನಕಲೋ?

ಗ್ರಂಥಾಲಯದ ಪುಸ್ತಕ ಓದಿ ನೀವು ಜಾಣರಾದರೆ ಲೇಖಕರು ಸಂತೋಷಪಡುತ್ತಾರೆ. ಯಂತ್ರವನ್ನು ತಯಾರಿಸುವವರು “ನಮ್ಮ ಯಂತ್ರವೂ ಹಾಗೆಯೇ ಓದಿ ಕಲಿತಿದೆ” ಎನ್ನುತ್ತಾರೆ. ಬರೆದವರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. “ನಮ್ಮನ್ನು ಕೇಳದೆ ನಮ್ಮ ಬರಹದ ಪ್ರತಿ ಮಾಡಿಕೊಂಡಿರಿ. ಆ ಯಂತ್ರದಿಂದ ಹಣ ಗಳಿಸುತ್ತೀರಿ. ಜನ ಯಂತ್ರವನ್ನೇ ಕೇಳತೊಡಗಿದರೆ ನಮ್ಮ ಪತ್ರಿಕೆ, ಪುಸ್ತಕ ಕೊಳ್ಳುವವರು ಯಾರು? ನಾಳೆ ಸ್ಥಳಕ್ಕೆ ಹೋಗಿ ಸುದ್ದಿ ತರುವವರು ಯಾರು?” ಎಂಬುದು ಅವರ ಪ್ರಶ್ನೆ.

ಈ ವ್ಯಾಜ್ಯ ನ್ಯಾಯಾಲಯಗಳಿಗೆ ಹೋಗಿದೆ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಓಪನ್‌ಎಐ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳ ಮೇಲೆ ದಾವೆ ಹೂಡಿತು. 2024ರ ನವೆಂಬರ್‌ನಲ್ಲಿ ನಮ್ಮ ದೇಶದ ಎಎನ್‌ಐ ಸುದ್ದಿ ಸಂಸ್ಥೆ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. 2025ರ ಜೂನ್‌ನಲ್ಲಿ ಅಮೆರಿಕದ ಒಬ್ಬ ನ್ಯಾಯಾಧೀಶರು ಆಂಥ್ರೊಪಿಕ್ ಎಂಬ ಸಂಸ್ಥೆಯ ಪ್ರಕರಣದಲ್ಲಿ ಎರಡು ಮಾತು ಹೇಳಿದರು. ಕೊಂಡ ಪುಸ್ತಕಗಳಿಂದ ಯಂತ್ರಕ್ಕೆ ತರಬೇತಿ ಕೊಡುವುದು ಅವರ ದೇಶದ ಕಾನೂನಿನಂತೆ ನ್ಯಾಯವಾದ ಬಳಕೆ. ಕಳ್ಳಪ್ರತಿಗಳನ್ನು ತಂದು ಕೂಡಿಟ್ಟುಕೊಳ್ಳುವುದು ಹಾಗಲ್ಲ. ಕಳ್ಳಪ್ರತಿಗಳ ವಿಷಯದಲ್ಲಿ ಆ ಸಂಸ್ಥೆ ಲೇಖಕರು, ಪ್ರಕಾಶಕರಿಗಾಗಿ 150 ಕೋಟಿ ಡಾಲರ್ ಕೊಡಲು ಅದೇ ವರ್ಷ ಒಪ್ಪಿಕೊಂಡಿತು.

ಕಾನೂನಿನ ಉತ್ತರ ದೇಶದಿಂದ ದೇಶಕ್ಕೆ ಬೇರೆಯಾಗಬಹುದು. ನಿಮ್ಮ ಶಾಲೆಯ ಮಟ್ಟದಲ್ಲಿ ಮಾತ್ರ ಒಂದು ವಿಷಯ ಸ್ಪಷ್ಟ. ಕೃತಿಸ್ವಾಮ್ಯ ಬೇರೆ, ಆಕರ ಹೇಳುವುದು ಬೇರೆ. ಕೃತಿಸ್ವಾಮ್ಯಕ್ಕೆ ಅವಧಿ ಇದೆ, ಅದು ಮುಗಿಯುತ್ತದೆ. ಆಕರ ಹೇಳುವ ಹೊಣೆಗೆ ಅವಧಿ ಇಲ್ಲ. ಸಾವಿರ ವರ್ಷದ ಹಿಂದಿನ ಶಾಸನದಿಂದ ತಿಳಿದುಕೊಂಡರೂ ಶಾಸನದ ಹೆಸರು ಹೇಳಬೇಕು. ಇದು ಬರೆದವರಿಗೆ ಸಲ್ಲಿಸುವ ಗೌರವವೂ ಹೌದು. ನಮ್ಮ ಮಾತನ್ನು ಪರೀಕ್ಷಿಸಲು ಓದುವವರಿಗೆ ಕೊಡುವ ದಾರಿಯೂ ಹೌದು.

ನಕಲಿನ ನಕಲು

ಆಕರಕ್ಕೆ ಯಾರೂ ಹೋಗದೆ ಯಂತ್ರದ ಬರಹವನ್ನೇ ಎಲ್ಲರೂ ನಕಲು ಮಾಡುತ್ತಾ ಹೋದರೆ ಏನಾಗುತ್ತದೆ? ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮನುಷ್ಯರ ಬರಹದಿಂದ ಒಂದು ಭಾಷಾ ಮಾದರಿಗೆ ತರಬೇತಿ ಕೊಟ್ಟರು. ಅದು ಬರೆದದ್ದರಿಂದ ಎರಡನೆಯದಕ್ಕೆ, ಎರಡನೆಯದು ಬರೆದದ್ದರಿಂದ ಮೂರನೆಯದಕ್ಕೆ ಹೀಗೆ ತರಬೇತಿ ಕೊಡುತ್ತಾ ಹೋದರು. ಹಳೆಯ ಕಾಲದ ಚರ್ಚು ಕಟ್ಟಡಗಳ ಬಗ್ಗೆ ಆರಂಭವಾದ ಬರಹ ಒಂಬತ್ತನೆಯ ತಲೆಮಾರಿಗೆ ಬರುವ ಹೊತ್ತಿಗೆ ಬೇರೆ ಬೇರೆ ಬಣ್ಣದ ಬಾಲಗಳ ಮೊಲಗಳ ಪಟ್ಟಿಯಾಗಿತ್ತು! ಮೊದಲು ಕಳೆದುಹೋಗುವುದು ಅಪರೂಪದ ಸಂಗತಿಗಳೇ ಎಂದೂ ಅವರು ಕಂಡುಕೊಂಡರು.

ಇದನ್ನು ನಮ್ಮ ಆಟದಲ್ಲೇ ಅರ್ಥಮಾಡಿಕೊಳ್ಳಬಹುದು. ನೀವು ಬರೆದಿಟ್ಟ 20 ಉತ್ತರಗಳಲ್ಲಿ ‘ಗಂಗಾಮೂಲ’ ಎಷ್ಟು ಸಲ ಬಂದಿದೆ, ‘ಅಂಬುತೀರ್ಥ’ ಎಷ್ಟು ಸಲ ಬಂದಿದೆ? ಆ ಪಟ್ಟಿಯಿಂದ ಕಣ್ಣು ಮುಚ್ಚಿ ನಾಲ್ಕು ಉತ್ತರ ಆರಿಸಿ, ಹೊಸ ಚೀಟಿ ಮಾಡಿ, ಹೊಸ ಪೊಟ್ಟಣದಲ್ಲಿ ಮತ್ತೆ ಆಡಿ. ಆ ನಾಲ್ಕರಲ್ಲಿ ‘ಅಂಬುತೀರ್ಥ’ ಬಾರದೇ ಹೋದರೆ, ಅಲ್ಲಿಂದ ಮುಂದೆ ಎಷ್ಟು ಸಲ ಆಡಿದರೂ ಸರಿ ಉತ್ತರ ಬರುವುದೇ ಇಲ್ಲ.

ದೊಡ್ಡ ನದಿಗಳ ಬಗ್ಗೆ ಬರೆದವರು ಬಹಳ ಜನ ಇದ್ದಾರೆ, ಅವುಗಳ ವಿಷಯ ಅಷ್ಟು ಸುಲಭವಾಗಿ ಕಳೆದುಹೋಗದು. ಆದರೆ ನಿಮ್ಮ ಊರಿನ ಕೆರೆ, ನಿಮ್ಮ ಊರಿನ ಭತ್ತದ ಹಳೆಯ ತಳಿ, ಬೇಲಿಯ ಮೇಲಿನ ಸೊಪ್ಪಿನ ಹೆಸರು ಇವು ಅಪರೂಪದ ಸಂಗತಿಗಳು. ಇವುಗಳ ಬಗ್ಗೆ ಬರೆದ ಪುಟಗಳು ಕಡಿಮೆ, ಕನ್ನಡದಲ್ಲಿ ಇನ್ನೂ ಕಡಿಮೆ. ಇವುಗಳ ಆಕರ ಅಂತರಜಾಲದಲ್ಲಿಲ್ಲ, ನಿಮ್ಮ ಊರಿನಲ್ಲಿದೆ. ಅದನ್ನು ಕೇಳಿ ಬರೆದಿಡುವವರು ನೀವೇ ಆಗಬೇಕು.

ಮಾಡಿ ನೋಡಿ: ನಮ್ಮ ಕೆರೆಯ ಪುಸ್ತಕ

ನಾಲ್ಕೈದು ಮಂದಿ ಒಂದು ಗುಂಪಾಗಿ. (ನೀರಿನ ಹತ್ತಿರ ಹೋಗುವಾಗ ಶಿಕ್ಷಕರು ಅಥವಾ ಹಿರಿಯರು ಜೊತೆಯಲ್ಲಿರಲಿ.) ಹಾಳೆಯಲ್ಲಿ ನಾಲ್ಕು ಕಂಬಸಾಲು ಎಳೆಯಿರಿ: ಸಂಗತಿ, ಹೇಳಿದವರು, ಅವರಿಗೆ ತಿಳಿದದ್ದು ಹೇಗೆ, ನಾವು ನೋಡಿದ್ದೇನು.

1. ಕೆರೆಯ ನೀರು ಬಿಡುವ ನೀರುಗಂಟಿಯವರನ್ನೋ ಊರಿನ ಹಿರಿಯರನ್ನೋ ಕೇಳಿ. ಕೋಡಿ ಕೊನೆಯ ಬಾರಿ ಬಿದ್ದದ್ದು ಯಾವ ವರ್ಷ? ಅವರು ಕಣ್ಣಾರೆ ಕಂಡರೇ, ಬೇರೆಯವರಿಂದ ಕೇಳಿದರೇ? ಎರಡನ್ನೂ ಬರೆಯಿರಿ, ಆದರೆ ಯಾವುದು ಕಂಡದ್ದು, ಯಾವುದು ಕೇಳಿದ್ದು ಎಂದು ಗುರುತು ಮಾಡಿ.
2. ಗ್ರಾಮ ಪಂಚಾಯಿತಿಯಲ್ಲಿ ಊರಿನ ನಕ್ಷೆ ಅಥವಾ ಕೆರೆಯ ದಾಖಲೆ ಇದೆಯೇ ಎಂದು ಶಿಕ್ಷಕರ ಮೂಲಕ ವಿಚಾರಿಸಿ.
3. ಏರಿಯ ಮೇಲೆ, ತೂಬಿನ ಬಳಿ, ಗುಡಿಯ ಹತ್ತಿರ ಬರಹವಿರುವ ಕಲ್ಲು ಇದೆಯೇ ನೋಡಿ. ಇದ್ದರೆ ಕೆರೆಯಬೇಡಿ, ಬಣ್ಣ ಬಳಿಯಬೇಡಿ. ಎಷ್ಟು ಸಾಲುಗಳಿವೆ ಎಂದು ಎಣಿಸಿ ಬರೆದುಕೊಳ್ಳಿ.
4. ಇಬ್ಬರು ಬೇರೆ ಬೇರೆ ಉತ್ತರ ಹೇಳಿದರೆ ಒಂದನ್ನು ಅಳಿಸಬೇಡಿ. ಎರಡನ್ನೂ ಹೆಸರಿನೊಂದಿಗೆ ಬರೆಯಿರಿ.
5. ಶಾಲೆಯಲ್ಲಿ ಅನುಕೂಲವಿದ್ದರೆ ಇದೇ ಪ್ರಶ್ನೆಗಳನ್ನು ಯಂತ್ರಕ್ಕೂ ಕೇಳಿ. ಅದರ ಉತ್ತರವನ್ನು ‘ಹೇಳಿದವರು: ಯಂತ್ರ’ ಎಂದು ಬರೆದು, ಮೂರನೆಯ ಕಂಬಸಾಲಿನಲ್ಲಿ ಏನು ಬರೆಯಬಹುದೆಂದು ತರಗತಿಯಲ್ಲಿ ಚರ್ಚಿಸಿ.

ಮುಗಿದ ಮೇಲೆ ಹಾಳೆಗಳನ್ನು ಹೊಲಿದು, ಮಾಡಿದವರ ಹೆಸರು, ದಿನಾಂಕ ಬರೆದು ಶಾಲೆಯ ಗ್ರಂಥಾಲಯದಲ್ಲಿಡಿ. ಮುಂದಿನ ವರ್ಷದ ಮಕ್ಕಳು ಅದನ್ನು ತಿದ್ದಲಿ, ಬೆಳೆಸಲಿ.

ಯೋಚಿಸಿ ಉತ್ತರಿಸಿ

1. ಬೆಂಕಿಪೊಟ್ಟಣಕ್ಕೆ ನಿಜವಾದ ವಾಕ್ಯಗಳ ಪದಗಳನ್ನೇ ಹಾಕಿದರೂ ಸುಳ್ಳು ವಾಕ್ಯ ಹೊರಬಂದದ್ದೇಕೆ?
2. ಪ್ರತಿ ಚೀಟಿಯ ಹಿಂದೆ ವಾಕ್ಯದ ಸಂಖ್ಯೆ ಬರೆದಿದ್ದರೆ ತಪ್ಪನ್ನು ಹಿಡಿಯಲು ಹೇಗೆ ಸಹಾಯವಾಗುತ್ತಿತ್ತು? ಮಾಡಿ ನೋಡಿ.
3. ‘ಸುಮಾರು ಕ್ರಿ.ಶ. 450’ ಎಂಬುದರಲ್ಲಿ ‘ಸುಮಾರು’ ಬಿಟ್ಟು ಬರೆದರೆ ಏನು ಕಳೆದುಹೋಗುತ್ತದೆ?
4. ನಿಮ್ಮ ವಿಜ್ಞಾನ ಪುಸ್ತಕದ ಒಂದು ಚಿತ್ರವನ್ನು ಪ್ರದರ್ಶನದ ಹಾಳೆಗೆ ಬಿಡಿಸಿಕೊಂಡಿದ್ದೀರಿ. ಚಿತ್ರದ ಕೆಳಗೆ ಏನೆಂದು ಬರೆಯುತ್ತೀರಿ?
5. ಈ ಲೇಖನದಲ್ಲಿ ಬಂದಿರುವ ಒಂದು ವರ್ಷವನ್ನೋ ಸಂಖ್ಯೆಯನ್ನೋ ಆರಿಸಿಕೊಳ್ಳಿ. ಅದು ಸರಿಯೇ ಎಂದು ನಮ್ಮನ್ನು ಕೇಳದೆ ಬೇರೊಂದು ಆಕರದಿಂದ ಪರೀಕ್ಷಿಸಿ. ನೋಡಿದ ಪುಸ್ತಕದ ಹೆಸರು, ಬರೆದವರು, ವರ್ಷ, ಪುಟಸಂಖ್ಯೆಯನ್ನು ಶಿಕ್ಷಕರಿಗೆ ತೋರಿಸಿ.